ಫಿಲೆಮೋನನ ಹೆಂಡತಿ

ಕ್ಷಮಿಸಲು ಅವರಿಗೆ ಯಾರಾದರೂ ಬೇಕಾಗಿತ್ತು.

ಈಸ್ಟರಿಗೆ ಮುಂಚಿನ ಉಪವಾಸದ ವಾರಗಳು ಶುರುವಾದ ಭಾನುವಾರ ಸಭೆಯ ಪಾದ್ರಿ ತಮ್ಮಯ್ಯ ಅಯ್ಯನವರು ಕಾಣಿಕೆ ತಟ್ಟೆಯಲ್ಲಿ ಸುರುಳಿ ಸುತ್ತಿದ ಚೀಟಿಗಳನ್ನು ತುಂಬಿ ಬೆಂಚಿನಿಂದ ಬೆಂಚಿಗೆ ಕಳಿಸಿದರು. ಸಭೆಯೇನೂ ದೊಡ್ಡದಲ್ಲ. ಬೇರೆ ಬೇರೆ ಕಾಲಕ್ಕೆ ಮದ್ರಾಸಿಗೆ ಬಂದು ನೆಲೆಸಿದ ಕನ್ನಡ ಕ್ರೈಸ್ತರು, ರೈಲ್ವೆಯವರು, ಬ್ಯಾಂಕಿನವರು, ವಿಮೆಯವರು, ಈಚೆಗೆ ಪೆರುಂಗುಡಿಯ ಕಂಪ್ಯೂಟರ್ ಕಚೇರಿಗಳಿಗೆ ಸೇರಿದ ಒಂದಿಬ್ಬರು. ಪುರಸೈವಾಕ್ಕಂನ ತಮಿಳು ಚರ್ಚಿನವರು ತಮ್ಮ ಬೆಳಗಿನ ಆರಾಧನೆಗೂ ಸಂಜೆಯ ಆರಾಧನೆಗೂ ನಡುವಿನ, ಯಾರಿಗೂ ಬೇಡವಾದ ಮಧ್ಯಾಹ್ನದ ಬಿಸಿಲನ್ನು ಇವರಿಗೆ ಬಿಟ್ಟುಕೊಟ್ಟಿದ್ದರು.

ಚೀಟಿಯಲ್ಲಿ ಬೈಬಲಿನ ಒಬ್ಬೊಬ್ಬರ ಹೆಸರಿತ್ತು. ಕುಟುಂಬಕ್ಕೆ ಒಂದು ಚೀಟಿ. ಬಂದವರು ಯಾರೋ ಅವರ ಹಾಗೆ ಈಸ್ಟರಿನವರೆಗೆ ಬದುಕಬೇಕು, ಹೇಗೆ ಬದುಕಿದೆವೆಂದು ಅದರ ಹಿಂದಿನ ವಾರ, ಗರಿಗಳ ಭಾನುವಾರ, ಎದ್ದು ನಿಂತು ಸಾಕ್ಷಿ ಹೇಳಬೇಕು.

"ಓದಿದ್ದು ಸಾಕು, ಕೇಳಿದ್ದೂ ಸಾಕು" ಎಂದರು ಅಯ್ಯನವರು. ಚಾಮರಾಜನಗರದ ಕಡೆಯವರು, ಮೂಗಿನ ಮೇಲಿನ ಬೆವರನ್ನು ಅಂಗಿಯ ತೋಳಿನಲ್ಲಿ ಒರೆಸಿಕೊಳ್ಳುತ್ತಲೇ ಪ್ರಸಂಗ ಮಾಡುವವರು. "ಮಾದರಿ ಅನ್ನೋದು ಗೋಡೆಗೆ ನೇತುಹಾಕೋ ಫೋಟೋ ಅಲ್ಲ ಕಣ್ರಪ್ಪ. ಈ ಸಲ ಮಾಡಿ ತೋರ್ಸಿ."

ಬದರಿನಾಥರಿಗೆ ದೊರ್ಕ ಬಂದಳು, ವಿಧವೆಯರಿಗೆ ಅಂಗಿ ಹೊಲಿದುಕೊಡುತ್ತಿದ್ದವಳು. ಕ್ರೈಸ್ತರಾದರೂ ಹಳೆಯ ಹೆಸರುಗಳನ್ನು ಬಿಡದ ಮನೆತನದವರು ಅವರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಸೂಜಿಗೆ ದಾರ ಪೋಣಿಸಲಿಕ್ಕೂ ಗೊತ್ತಿಲ್ಲ. ಎಲ್ಲರೂ ನಕ್ಕರು. ದೇವಕುಮಾರ ತನ್ನ ಚೀಟಿ ಬಿಚ್ಚಿ ನೋಡಿ ಪಕ್ಕದಲ್ಲಿದ್ದ ಹೆಂಡತಿ ಗುಣವತಿಗೆ ತೋರಿಸಿದ. ಫಿಲೆಮೋನ.

ಅವನು ಯಾರೆಂದು ಗುಣವತಿಗೆ ಥಟ್ಟನೆ ನೆನಪಾಗಲಿಲ್ಲ. ಅಡ್ಯಾರಿನ ಮನೆಗೆ ಬಂದು ಫ್ಯಾನಿನ ಕೆಳಗೆ ಕೂತು ಓದಿದರು. ಒಂದು ಪುಟಕ್ಕೆ ಮುಗಿದುಹೋಗುವ ಪತ್ರ. ಫಿಲೆಮೋನನೆಂಬ ಸ್ಥಿತಿವಂತನ ಮನೆಯಿಂದ ಒನೇಸಿಮನೆಂಬ ಆಳು ಓಡಿಹೋಗಿದ್ದಾನೆ. ಹೋಗುವಾಗ ಏನನ್ನೋ ಎತ್ತಿಕೊಂಡೂ ಹೋಗಿದ್ದಾನೆಂದು ಓದಿದವರು ಊಹಿಸುತ್ತಾರೆ. ಅವನು ಸೆರೆಮನೆಯಲ್ಲಿದ್ದ ಪೌಲನ ಕೈಗೆ ಸಿಕ್ಕಿ ಕ್ರೈಸ್ತನಾಗಿ, ಈಗ ಪೌಲ ಅವನನ್ನು ವಾಪಸು ಕಳಿಸುತ್ತಿದ್ದಾನೆ. ಇನ್ನು ಮೇಲೆ ಇವನನ್ನು ಆಳೆಂದು ನೋಡಬೇಡ, ತಮ್ಮನೆಂದು ಸೇರಿಸಿಕೋ ಎನ್ನುತ್ತಾನೆ. ಸೇರಿಸಿಕೊಂಡನೋ ಇಲ್ಲವೋ, ಪತ್ರದಲ್ಲಿಲ್ಲ.

"ನಮಗೆ ಇದು ಹೇಗೆ ಮಾರಾಯ್ತಿ?" ದೇವಕುಮಾರ ಪುಸ್ತಕ ಮಡಿಚಿದ. ಇಬ್ಬರೂ ಉಡುಪಿ ಕಡೆಯವರು. ಮದ್ರಾಸಿಗೆ ಬಂದು ಎಷ್ಟು ವರ್ಷವಾಗಿದ್ದರೂ ಮನೆಯೊಳಗಿನ ಮಾತು ಊರಿನದೇ. "ದೊರ್ಕ ಆದ್ರೆ ಒಂದು ಹೊಲಿಗೆ ಮಿಶನ್ ಸಾಕು. ಫಿಲೆಮೋನ ಆಗ್ಲಿಕ್ಕೆ ಒಬ್ಬ ಒನೇಸಿಮ ಬೇಕಲ್ವಾ? ನಮ್ಮ ಮನೆಯಿಂದ ಯಾರು ಓಡಿಹೋಗಿದ್ದಾರೆ?"

"ಭೀಮಾಬಾಯಿ" ಎಂದಳು ಗುಣವತಿ.

ಆ ಹೆಸರನ್ನು ಹೇಳಿದ್ದು ತಾನೇ ಎಂಬುದನ್ನು ಆಮೇಲೆ ಅವಳು ಮರೆಯಲು ನೋಡಿದಳು. ದೇವಕುಮಾರ ಹೇಳಿದ್ದಲ್ಲ, ಅಯ್ಯನವರು ಹೇಳಿದ್ದಲ್ಲ. ಸಾರಿಗೆ ಇನ್ನೊಂದು ಚೂರು ಹುಳಿ ಬೇಕು ಅನ್ನುವಷ್ಟು ಸಲೀಸಾಗಿ ಅವಳ ಬಾಯಿಂದಲೇ ಬಂದಿತ್ತು.

ಹಿಂದಿನ ವರ್ಷದ ಈಸ್ಟರಿನ ಬೆಳಿಗ್ಗೆ ಗುಣವತಿಯ ಕೆಂಪು ಕಲ್ಲಿನ ಓಲೆಗಳು ಕಾಣಲಿಲ್ಲ. ತಾಯಿ ಮದುವೆಯಲ್ಲಿ ಕೊಟ್ಟಿದ್ದವು. ಕನ್ನಡಿಯ ಮುಂದಿನ ಪಿಂಗಾಣಿ ಬಟ್ಟಲಿನಲ್ಲಿ ದಿನಾ ಬಿಚ್ಚಿಡುವ ಜಾಗದಲ್ಲಿ ಬಟ್ಟಲು ಮಾತ್ರ ಇತ್ತು. ಹಿಂದಿನ ದಿನ ಆ ಕೋಣೆ ಗುಡಿಸಿ ಒರೆಸಿದವಳು ಭೀಮಾಬಾಯಿ. ಅವಳೂ ಇದೇ ಸಭೆಯವಳು, ಬೀದರಿನ ಕಡೆಯ ಮೆಥೊಡಿಸ್ಟ್ ಮನೆತನದವಳು. ಗಂಡ ಪೆರಂಬೂರಿನಲ್ಲಿ ರೈಲ್ವೆ ಗುತ್ತಿಗೆ ಕೆಲಸ ಮಾಡುತ್ತಿದ್ದು ತೀರಿಕೊಂಡ ಮೇಲೆ, ಮಗಳು ಸಲೋಮಿಯ ಜೊತೆ ಕೊಟ್ಟೂರುಪುರದ ಹೌಸಿಂಗ್ ಬೋರ್ಡ್ ಮನೆಯೊಂದರಲ್ಲಿ ಇದ್ದಳು. ಗುಣವತಿ ಬಯ್ಯಲಿಲ್ಲ. ಬಯ್ಯದೆ ಇದ್ದದ್ದನ್ನೇ ಬಹಳ ದಿನ ಒಂದು ಒಳ್ಳೆಯತನವೆಂದುಕೊಂಡಿದ್ದಳು. "ಕನ್ನಡಿ ಹತ್ರ ಇಟ್ಟದ್ದು ಕಾಣ್ತಾ ಇಲ್ಲ ಭೀಮಾಬಾಯಿ. ಒಮ್ಮೆ ನೆನಪು ಮಾಡಿ ನೋಡು" ಎಂದಿದ್ದಳು ಅಷ್ಟೆ. ಮರುದಿನವೂ ಅದನ್ನೇ ಅಂದಳು. ಅದರ ಮರುದಿನ ಭೀಮಾಬಾಯಿ ಕೆಲಸಕ್ಕೆ ಬರಲಿಲ್ಲ. ಭಾನುವಾರ ಚರ್ಚಿಗೂ ಬರಲಿಲ್ಲ. ಯಾಕೆಂದು ಕೇಳಿದವರಿಗೆ ಗುಣವತಿ ಸುಮ್ಮನೆ ನಿಟ್ಟುಸಿರು ಬಿಟ್ಟಳು. ನಿಟ್ಟುಸಿರು ಎಲ್ಲವನ್ನೂ ಹೇಳಿತು.

ಇಬ್ಬರೂ ಕೊಟ್ಟೂರುಪುರಕ್ಕೆ ಹೋದದ್ದು ಒಂದು ಶನಿವಾರ. ನೀರಿಲ್ಲದ ವರ್ಷ. ಹೌಸಿಂಗ್ ಬೋರ್ಡಿನ ಮೆಟ್ಟಿಲುಗಳ ಉದ್ದಕ್ಕೂ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳು ಲಾರಿಗಾಗಿ ಕಾಯುತ್ತಿದ್ದವು. ಭೀಮಾಬಾಯಿ ಬಾಗಿಲಲ್ಲೇ ನಿಂತು ನೋಡಿದಳು. ಆಮೇಲೆ ಇದ್ದೊಂದು ಕುರ್ಚಿಯ ಮೇಲಿನ ಬಟ್ಟೆ ತೆಗೆದು ದೇವಕುಮಾರನಿಗೆ ಕೊಟ್ಟಳು, ಗುಣವತಿಗೆ ಮಂಚ ತೋರಿಸಿದಳು.

"ಬರ್ರಿ ಸಾಬ್ರ, ಬರ್ರಿ ಅಕ್ಕೋರ. ಚಾ ಮಾಡ್ಲಾಕ ನೀರ ಅವ. ಕಾಲ್ ತೊಳೀಲಾಕ ಮಾತ್ರ ಕೇಳ್ಬ್ಯಾಡ್ರಿ."

ದೇವಕುಮಾರ ಗಂಟಲು ಸರಿ ಮಾಡಿಕೊಂಡ. "ನಾವು ನಿನ್ನನ್ನು ಕ್ಷಮಿಸಿದ್ದೇವೆ ಭೀಮಾಬಾಯಿ. ಅದನ್ನು ಹೇಳ್ಲಿಕ್ಕೆ ಬಂದದ್ದು."

"ಏನ್ ಕ್ಷಮಿಸೀರಿ?"

"ಅದೇ... ಓಲೆಯ ವಿಷಯ."

ಭೀಮಾಬಾಯಿ ಗುಣವತಿಯನ್ನು ನೋಡಿದಳು. ಗುಣವತಿ ಮಂಚದ ಮೇಲಿನ ಹೊದಿಕೆಯ ಹೂವುಗಳನ್ನು ನೋಡಿದಳು. ಮೂಲೆಯಲ್ಲಿ ಶಾಲೆಯ ಪುಸ್ತಕ ಹಿಡಿದು ಕೂತಿದ್ದ ಸಲೋಮಿ ತಲೆಯೆತ್ತಿ ತಮಿಳಿನಲ್ಲಿ, "ಅಮ್ಮಾ, ಇವಂಗಳ ಪೋಗಚ್ಚೊಲ್ಲು" ಎಂದಳು. ಹೋಗಲಿಕ್ಕೆ ಹೇಳು ಇವರಿಗೆ.

"ನೀ ಸುಮ್ಕಿರು." ಭೀಮಾಬಾಯಿ ನೆಲದ ಮೇಲೆ ಕೂತಳು. "ಹೊಸಾದಾಗಿ ಯಾಕ್ರಿ ಕ್ಷಮಾ? ಹೋದ ವರ್ಷದ್ದು ಈಗ ನೆನಪಾಯ್ತಾ?"

ದೇವಕುಮಾರ ಚೀಟಿಯ ಕಥೆ ಹೇಳಿದ. ಫಿಲೆಮೋನ, ಒನೇಸಿಮ, ಪೌಲ, ಸೆರೆಮನೆ. ಗರಿಗಳ ಭಾನುವಾರ ಅವಳು ಚರ್ಚಿಗೆ ಬರಬೇಕು, ಎಲ್ಲರೂ ಅವಳನ್ನು ತಂಗಿಯಂತೆ ಸೇರಿಸಿಕೊಳ್ಳುತ್ತಾರೆ. ಹಳೆಯದೆಲ್ಲ ಮುಗಿಯಿತು. "ಆದರೆ" ಎಂದ. ಅವನು ವಿಮೆ ಕಚೇರಿಯಲ್ಲಿ ಕ್ಲೇಮು ನೋಡುವವನು. ದಿನವೆಲ್ಲ ಅವನ ಮೇಜಿನ ಆಚೆ ಯಾರಾದರೂ ಒಬ್ಬರು ಏನನ್ನಾದರೂ ಒಪ್ಪಿಕೊಳ್ಳಬೇಕಾಗಿರುತ್ತದೆ. "ಆದರೆ ನೀನು ಒಂದು ಮಾತು ಹೇಳ್ಬೇಕು. ತಪ್ಪೇ ಆಗ್ಲಿಲ್ಲ ಅಂದ್ರೆ ಕ್ಷಮಿಸುವುದಾದ್ರೂ ಎಂತದನ್ನು?"

ಭೀಮಾಬಾಯಿ ಸೆರಗಿನ ಅಂಚನ್ನು ತಿರುವಿದಳು.

"ಸಲೋಮಿಗಿ ಹದಿನಾರ್ ಆಯ್ತು" ಎಂದಳು ಆಮೇಲೆ. "ಇಕಿ ಜೋಡಿ ಹುಡುಗ್ಯಾರೆಲ್ಲ ಈ ಈಸ್ಟರಿಗಿ ಬಿಳಿ ಫ್ರಾಕ್ ಹಾಕ್ಕೊಂಡು ದೃಢೀಕರಣ ತಗೋತಾರ. ಕರ್ತನ ಭೋಜನಕ್ಕ ಕೂಡ್ತಾರ. ಇಕಿ ಒಬ್ಬಾಕಿ ಹೊರಗ. ನಾ ಒಪ್ಪಿದ್ರ ಇಕಿಗಿ ತಗೋತಾರಾ?"

"ಅದಕ್ಕೆ ನಾನು ಜವಾಬ್ದಾರಿ. ಅಯ್ಯನವರಿಗೆ ನಾನೇ ಹೇಳ್ತೇನೆ."

"ಹಂಗಾರ ತಗೊಂಡೀನಿ ಅಂತ ತಿಳ್ಕೋರಿ."

"ತಿಳ್ಕೊಳ್ಳುವುದಲ್ಲ, ನೀನು ಹೇಳ್ಬೇಕು."

"ತಗೊಂಡೀನಿ."

"ಮತ್ತೆ ಎಂತ ಮಾಡಿದ್ದು ಅದನ್ನು?"

"ಮಾರ್ದೆ."

"ಎಲ್ಲಿ?"

ಭೀಮಾಬಾಯಿಯ ಕಣ್ಣು ಗೋಡೆಯ ಕಡೆ ಹೋಯಿತು. ಅಲ್ಲಿ ಒಡವೆ ಅಂಗಡಿಯೊಂದು ದೀಪಾವಳಿಗೆ ಹಂಚಿದ ಕ್ಯಾಲೆಂಡರ್ ನೇತಾಡುತ್ತಿತ್ತು. ಅವಳು ಅದರ ಮೇಲಿದ್ದ ಅಂಗಡಿಯ ಹೆಸರನ್ನು ಹೇಳಿದಳು, ಕೆಳಗಿದ್ದ ಬೀದಿಯ ಹೆಸರನ್ನೂ ಹೇಳಿದಳು. ದೇವಕುಮಾರ ತಲೆದೂಗಿದ. ಗುಣವತಿ ಆ ಕಣ್ಣು ಗೋಡೆಗೆ ಹೋಗಿ ಬಂದದ್ದನ್ನು ನೋಡಿದ್ದಳು. ಕ್ಯಾಲೆಂಡರನ್ನೂ ನೋಡಿದ್ದಳು. ನೋಡಿಯೂ, ತಾನು ನೋಡಲಿಲ್ಲವೆಂದು ಆಗಲೇ ತೀರ್ಮಾನಿಸಿಬಿಟ್ಟಳು.

ಮೆಟ್ಟಿಲಿಳಿಯುವಾಗ ದೇವಕುಮಾರನ ಕಣ್ಣುಗಳು ಒದ್ದೆಯಾಗಿದ್ದವು. "ಎಷ್ಟು ಹಗುರ ಆಯ್ತು ಮಾರಾಯ್ತಿ" ಎಂದ. ಅವನು ನಟಿಸುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಹಗುರವಾಗಿತ್ತು.

ಗರಿಗಳ ಭಾನುವಾರದ ಹಿಂದಿನ ದಿನ ಗುಣವತಿ ಪೆಟ್ಟಿಗೆಯ ತಳದಿಂದ ಬಿಳಿ ಸೀರೆ ತೆಗೆದಳು. ಶುಭ ಶುಕ್ರವಾರಕ್ಕೆ ಮಾತ್ರ ಉಡುವ ಸೀರೆ ಅದು, ವರ್ಷಕ್ಕೆ ಒಂದೇ ದಿನ. ಅವಳ ತಾಯಿಯೂ ಹಾಗೆಯೇ ಒಂದು ಸೀರೆ ಇಟ್ಟುಕೊಂಡಿದ್ದಳು. ಉಟ್ಟು ಬಂದು ಗಾಳಿಗೆ ಹರವಿ, ನುಸಿಗುಳಿಗೆ ಹಾಕಿ ಮಡಿಚಿಟ್ಟರೆ ಮತ್ತೆ ಹೊರಗೆ ಬರುವುದು ಮುಂದಿನ ವರ್ಷ, ಇಸ್ತ್ರಿಯವನಿಗೆ ಕೊಡಲು. ಮಧ್ಯಾಹ್ನದ ಬಿಸಿಲಿನಲ್ಲಿ ಬಾಲ್ಕನಿಯ ತಂತಿಯ ಮೇಲೆ ಸೀರೆ ಹರವಿದಾಗ ಸೆರಗಿನ ಒಂದು ಮೂಲೆ ಭಾರವಾಗಿ ಜೋತುಬಿತ್ತು. ಅಲ್ಲೊಂದು ಗಂಟಿತ್ತು.

ಬಿಚ್ಚುವ ಮೊದಲೇ ಅವಳಿಗೆ ಗೊತ್ತಾಯಿತು. ಬೆರಳಿಗೇ ಗೊತ್ತಾಯಿತು.

ಹೋದ ವರ್ಷದ ಶುಭ ಶುಕ್ರವಾರ. ಮೂರು ಗಂಟೆಗಳ ಆರಾಧನೆ, ಹೊಟ್ಟೆಯಲ್ಲಿ ನೀರೂ ಇಲ್ಲ, ಸೆಖೆಗೆ ತಲೆ ಸಿಡಿಯುತ್ತಿತ್ತು. ಎದುರಿನ ಶಿಲುಬೆಗೆ ಕಪ್ಪು ಬಟ್ಟೆ ಹೊದಿಸಿದ್ದರು. ಕರ್ತನ ಮೈಮೇಲಿನ ಬಟ್ಟೆಯನ್ನೂ ಕಿತ್ತುಕೊಂಡ ದಿನ ತಾನು ಕಿವಿಯಲ್ಲಿ ಬಂಗಾರ ಇಟ್ಟುಕೊಂಡು ಕೂತಿದ್ದೇನೆಂದು ಅವಳಿಗೆ ಇದ್ದಕ್ಕಿದ್ದಂತೆ ನಾಚಿಕೆಯಾಗಿತ್ತು. ಬೇರೆ ಹೆಂಗಸರು ಮನೆಯಲ್ಲೇ ತೆಗೆದಿಟ್ಟು ಬಂದಿದ್ದರು. ಅವಳು ತಲೆಬಗ್ಗಿಸಿ, ಪ್ರಾರ್ಥಿಸುವವಳಂತೆ ಒಂದೊಂದಾಗಿ ಓಲೆಗಳನ್ನು ಬಿಚ್ಚಿ ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳು. ಮನೆಗೆ ಬಂದು ಸೀರೆ ಬಿಚ್ಚಿ, ಆ ಸಲ ಗಾಳಿಗೂ ಹರವದೆ ಹಾಗೇ ಮಡಿಚಿಟ್ಟು, ಕತ್ತಲೆ ಮಾಡಿಕೊಂಡು ಮಲಗಿದ್ದಳು. ಅಷ್ಟೂ ಈಗ ಒಂದು ಚೂರೂ ಮಾಸದೆ ನೆನಪಾಯಿತು. ಇಷ್ಟು ಚೆನ್ನಾಗಿ ನೆನಪಿದ್ದದ್ದು ಒಂದು ವರ್ಷ ಎಲ್ಲಿತ್ತು?

ದೇವಕುಮಾರ ಒಳಗೆ ನಾಳೆಯ ಸಾಕ್ಷಿಯನ್ನು ಗೋಡೆಗೆ ಹೇಳಿ ನೋಡುತ್ತಿದ್ದ. ಅವಳು ಹೋಗಿ ಅಂಗೈ ತೆರೆದಳು. ಅವನು ಓಲೆಗಳನ್ನು ನೋಡಿದ, ಅವಳನ್ನು ನೋಡಿದ.

"ಎಲ್ಲಿತ್ತು?"

ಹೇಳಿದಳು. ಅವನು ಕುರ್ಚಿಯ ಮೇಲೆ ಕೂತ. ಫ್ಯಾನಿನ ಗಾಳಿಗೆ ಕ್ಯಾಲೆಂಡರಿನ ಹಾಳೆಗಳು ಮೇಲೇಳುತ್ತ ಬೀಳುತ್ತಿದ್ದವು. ಇವರ ಮನೆಯ ಗೋಡೆಗೂ ಅದೇ ಒಡವೆ ಅಂಗಡಿಯ ಕ್ಯಾಲೆಂಡರ್.

"ಆದರೆ ಅವಳು ಒಪ್ಪಿಕೊಂಡಿದ್ದಾಳಲ್ಲ!" ಎಂದ ಕೊನೆಗೆ. ಅವನ ದನಿಯಲ್ಲಿ ಬಹುತೇಕ ಸಿಟ್ಟಿತ್ತು, ಭೀಮಾಬಾಯಿ ತಮಗೆ ಮೋಸ ಮಾಡಿದಳೆಂಬಂತೆ. "ತಗೊಳ್ಳದ್ದನ್ನು ತಗೊಂಡೆ ಅಂತ ಯಾರಾದ್ರೂ ಹೇಳ್ತಾರಾ?"

"ನಾವು ಹೇಳ್ಸಿದ್ದು."

"ನಾಳೆ ಎಂತ ಮಾಡುವುದು? ಅಯ್ಯನವರು ಫಿಲೆಮೋನನ ಮೇಲೇ ಪ್ರಸಂಗ ತಯಾರು ಮಾಡಿದ್ದಾರೆ. ಟೀ ಬಿಸ್ಕತ್ತು ಎಲ್ಲ ಹೇಳಿ ಆಗಿದೆ." ಎದ್ದು ಕಿಟಕಿಯವರೆಗೆ ಹೋಗಿ ಬಂದ. "ನೋಡು, ಅವಳಿಗೂ ನಷ್ಟ ಇಲ್ಲ. ಸಲೋಮಿಯ ದೃಢೀಕರಣ ಆಗ್ತದೆ. ಅದೊಂದು ಆಗಿಹೋಗ್ಲಿ. ಈಸ್ಟರ್ ಮುಗಿದ ಮೇಲೆ ನಿಧಾನಕ್ಕೆ, ಅಯ್ಯನವರ ಹತ್ರ ಮಾತ್ರ ಹೇಳುವ. ಈಗ ಹೇಳಿದ್ರೆ ಅವಳೂ ನಮ್ಮ ಎದುರು ಸುಳ್ಳು ಹೇಳಿದ ಹಾಗೆ ಆಗುದಿಲ್ವಾ?"

ಗುಣವತಿ ಓಲೆಗಳ ಮೇಲೆ ಅಂಗೈ ಮುಚ್ಚಿದಳು. ನಾಚಿಕೆಯೆಂದರೆ ಮುಖ ಬಿಸಿಯಾಗುವುದು ಎಂದು ಅವಳು ತಿಳಿದಿದ್ದಳು. ಇದು ಹಾಗಿರಲಿಲ್ಲ. ಗಂಡ ಬೇಡವೆಂದಾಗ ಅವಳ ಮೈಯಲ್ಲಿ ಏನೋ ಸಡಿಲವಾಯಿತು, ಬಿಗಿದ ಕುಪ್ಪಸದ ಗುಂಡಿ ಬಿಚ್ಚಿದ ಹಾಗೆ. ಸುಖವೇ ಆಯಿತು. ಆ ಸುಖವನ್ನು ಗುರುತಿಸಿದಾಗ, ಓಲೆ ಸಿಕ್ಕಾಗ ಆಗದಿದ್ದ ನಾಚಿಕೆ ಅವಳಿಗೆ ಆಯಿತು.

ಸಂಜೆ ಆ ಪತ್ರವನ್ನು ಮತ್ತೆ ಓದಿದಳು. ಮೊದಲ ಸಲ ಗಮನಿಸದ ಒಂದು ಹೆಸರು ಅದರ ಆರಂಭದಲ್ಲೇ ಇತ್ತು: ಅಪ್ಫಿಯ. ಫಿಲೆಮೋನನ ಹೆಂಡತಿ ಎಂದು ಅಯ್ಯನವರು ಒಮ್ಮೆ ಹೇಳಿದ್ದು ನೆನಪಾಯಿತು. ಪೌಲ ಅವಳಿಗೆ ಒಂದು ವಂದನೆ ಹೇಳಿ ಮುಂದೆ ಹೋಗಿಬಿಡುತ್ತಾನೆ. ಆಳು ಓಡಿಹೋದ ದಿನ ಅವಳು ಏನಂದಳು? ಮನೆಯಲ್ಲಿ ಏನು ಕಾಣೆಯಾಗಿದೆಯೆಂದು ಹುಡುಕಿದವಳು ಅವಳೇ ಇರಬೇಕು. ಆಮೇಲೆ ಯಾವತ್ತಾದರೂ, ಯಾವುದಾದರೂ ಪೆಟ್ಟಿಗೆಯ ತಳದಲ್ಲಿ, ಅವಳಿಗೇನಾದರೂ ಸಿಕ್ಕಿತೇ? ಸಿಕ್ಕಿದ್ದರೂ ಬರೆದವರಿಲ್ಲ. ಅವಳು ಯಾರಿಗೂ ಮಾದರಿಯಲ್ಲ. ಅವಳ ಹೆಸರಿನ ಚೀಟಿಯನ್ನು ಯಾರೂ ಮಾಡುವುದಿಲ್ಲ.

ಮರುದಿನ ತಮಿಳಿನವರು ಬೆಳಿಗ್ಗೆ ಕಟ್ಟಿದ್ದ ತೆಂಗಿನ ಗರಿಗಳು ಮಧ್ಯಾಹ್ನದ ಹೊತ್ತಿಗೆ ಬಾಡಿ ಬಾಗಿಲಲ್ಲಿ ಜೋತುಬಿದ್ದಿದ್ದವು. ಗುಣವತಿ ಓಲೆಗಳನ್ನು ಸೆರಗಿಗೆ ಕಟ್ಟಿಕೊಂಡೇ ಬಂದಿದ್ದಳು. ಯಾಕೆಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಮನೆಯಲ್ಲಿ ಬಿಟ್ಟು ಬರಲು ಧೈರ್ಯ ಸಾಲಲಿಲ್ಲ, ಅಷ್ಟೆ.

ಬದರಿನಾಥರು ತಾವೇ ಹೊಲಿದ ಅಂಗಿಯೊಂದನ್ನು ಎತ್ತಿ ತೋರಿಸಿದರು. ಅದರ ಒಂದು ತೋಳು ಇನ್ನೊಂದಕ್ಕಿಂತ ಗಿಡ್ಡ. "ದೊರ್ಕಳು ಸತ್ತಾಗ ಆಕೆ ಹೊಲಿದ ಬಟ್ಟೆ ಹಿಡ್ಕೊಂಡು ವಿಧವೆಯರು ಅತ್ತರಂತೆ. ಇದನ್ನ ನೋಡಿದ್ರೆ ನಾನು ಬದುಕಿರೋವಾಗ್ಲೇ ಅಳ್ತಾರೆ" ಎಂದರು. ಸಭೆ ನಕ್ಕಿತು. ಹಿಂದಿನ ಬೆಂಚಿನಿಂದ ಒಂದು ನಗು ಎಲ್ಲಕ್ಕಿಂತ ಜೋರಾಗಿ ಬಂತು. ಭೀಮಾಬಾಯಿ. ಅವಳು ನೇರಳೆ ಬಣ್ಣದ ಸೀರೆ ಉಟ್ಟು ತಲೆಗೆ ಹೂವಿಲ್ಲದೆ, ಮಗಳನ್ನು ಪಕ್ಕಕ್ಕೆ ಒತ್ತಿಕೊಂಡು ಕೂತಿದ್ದಳು.

ದೇವಕುಮಾರನ ಸರದಿ ಬಂತು. ಅವನು ಚೆನ್ನಾಗಿ ಮಾತಾಡಿದ. ಎಲ್ಲಿಯೂ ಕಳ್ಳತನ ಎಂಬ ಮಾತು ಆಡಲಿಲ್ಲ. "ನಮ್ಮ ಮನೆಯಿಂದ ದೂರವಾದ ಒಬ್ಬ ಸಹೋದರಿ" ಎಂದ. ಅಯ್ಯನವರು ಭೀಮಾಬಾಯಿಯನ್ನು ಮುಂದೆ ಕರೆದರು. ಅವಳು ಬಂದು, ಮೈಕು ಇಲ್ಲದಿದ್ದರೂ ಮೈಕಿನ ಮುಂದೆ ನಿಂತಂತೆ ನಿಂತು, ತಾನು ಕದ್ದ ಬಗೆಯನ್ನು ಹೇಳಿದಳು. ಕನ್ನಡಿಯಲ್ಲಿ ದೊಡ್ಡ ಕೆಂಪು ಕಲ್ಲು ಹೊಳೆದದ್ದು, ಸೈತಾನ ಕಿವಿಯಲ್ಲಿ ಉಸುರಿದ್ದು, ಪೊರಕೆಯ ಕಡ್ಡಿಗಳ ನಡುವೆ ಓಲೆ ಬಚ್ಚಿಟ್ಟು ಸಾಗಿಸಿದ್ದು. ಕೊಟ್ಟೂರುಪುರದಲ್ಲಿ ಹೇಳದೆ ಇದ್ದದ್ದೆಲ್ಲ ಈಗ ಬಂದಿತ್ತು. ಕೆಲವು ಹೆಂಗಸರು ಕಣ್ಣೊರೆಸಿಕೊಂಡರು. ಸಲೋಮಿ ಮಾತ್ರ ಹಿಂದಿನ ಬೆಂಚಿನಲ್ಲಿ ತನ್ನ ಉಗುರುಗಳನ್ನು ನೋಡುತ್ತ ಕೂತಿದ್ದಳು. ಅವಳ ಕಿವಿಯ ತುದಿಗಳು ಕೆಂಪಗಾಗಿದ್ದವು.

"ಗುಣವತಮ್ಮ, ನೀವೂ ಒಂದು ಮಾತು" ಎಂದರು ಅಯ್ಯನವರು.

ಅವಳು ಎದ್ದಳು. ಕಾಲುಗಳು ತಾವಾಗಿಯೇ ನಡೆದವು. ಭೀಮಾಬಾಯಿಯ ಪಕ್ಕ ನಿಂತಾಗ ಅವಳ ಮೈಯಿಂದ ಸೀಗೆಪುಡಿಯ ವಾಸನೆ ಬಂತು. ಹಬ್ಬಕ್ಕೆಂದು ತಲೆಸ್ನಾನ ಮಾಡಿ ಬಂದಿದ್ದಳು, ಇಷ್ಟು ನೀರಿಲ್ಲದ ಊರಿನಲ್ಲಿ.

"ಭೀಮಾಬಾಯಿ ಏನೂ ಮಾಡ್ಲಿಲ್ಲ" ಎಂದಳು ಗುಣವತಿ.

ದೇವಕುಮಾರ ತಲೆಯೆತ್ತಿದ.

"ಅವಳದ್ದು ಏನೂ ತಪ್ಪಿಲ್ಲ. ತಪ್ಪೆಲ್ಲ ನನ್ನದೇ..."

"ಆಹಾ! ಕೇಳಿಸ್ಕೊಂಡ್ರಾ?" ಅಯ್ಯನವರ ದನಿ ಒಡೆಯಿತು. "ಅವನ ತಪ್ಪೇನಿದ್ರೂ ನನ್ನ ಲೆಕ್ಕಕ್ಕೆ ಹಾಕು ಅಂತ ಪೌಲ ಬರೀಲಿಲ್ವಾ? ಇದು ಕಣ್ರಪ್ಪ ಕ್ಷಮೆ ಅಂದ್ರೆ! ಏನೂ ಮಾಡೇ ಇಲ್ಲ ಅಂತಾರೆ ನಮ್ಮಕ್ಕ! ಎಲ್ಲಾ ನಂದೇ ಅಂತಾರೆ!"

ಯಾರೋ ಹಲ್ಲೆಲೂಯ ಎಂದರು. ಹಾರ್ಮೋನಿಯಂ ಶುರುವಾಗಿಯೇ ಬಿಟ್ಟಿತು. ಅಯ್ಯನವರು ಇಬ್ಬರನ್ನೂ ಹತ್ತಿರ ತಂದರು. ಗುಣವತಿ ಭೀಮಾಬಾಯಿಯನ್ನು ತಬ್ಬಿಕೊಂಡಳು, ಅಥವಾ ಭೀಮಾಬಾಯಿ ಅವಳನ್ನು ತಬ್ಬಿಕೊಂಡಳು. ಸೆರಗಿನ ಗಂಟು ಇಬ್ಬರ ನಡುವೆ ಒತ್ತಿತು. ಇನ್ನೊಂದೇ ಮಾತು ಬೇಕಿತ್ತು. ಓಲೆ ಸಿಕ್ಕಿದೆ. ಹಾಡಿನ ಮೇಲೆ ದನಿಯೆತ್ತಿ ಹೇಳಬಹುದಿತ್ತು. ಹಾಡು ಮುಗಿದ ಮೇಲಾದರೂ ಹೇಳಬಹುದಿತ್ತು. ಅವಳು ಹೇಳಲಿಲ್ಲ. ಜನ ತನ್ನನ್ನು ನೋಡುತ್ತಿದ್ದ ಬಗೆ ಅವಳ ಬಾಯಿ ಕಟ್ಟಿಹಾಕಿತು. ಅಷ್ಟು ಪ್ರೀತಿಯಿಂದ ಅವಳನ್ನು ಯಾರೂ ಯಾವತ್ತೂ ನೋಡಿರಲಿಲ್ಲ.

ಆರಾಧನೆಯ ನಂತರ ಚರ್ಚಿನ ಪಕ್ಕದ ಬೇವಿನ ಮರದ ಕೆಳಗೆ ಟೀ. ಸ್ಟೀಲ್ ಲೋಟಗಳು ಸುತ್ತು ಬಂದವು. ಹೆಂಗಸರು ಒಬ್ಬೊಬ್ಬರಾಗಿ ಬಂದು ಗುಣವತಿಯ ಕೈ ಹಿಡಿದರು. "ನಮ್ಮಿಂದ ಆಗ್ತಿರ್ಲಿಲ್ಲಮ್ಮ" ಎಂದರು. ದೇವಕುಮಾರ ಬದರಿನಾಥರ ಜೊತೆ ನಿಂತು ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದ, ಅವಳ ಕಡೆ ನೋಡುತ್ತಿರಲಿಲ್ಲ.

ಭೀಮಾಬಾಯಿ ಕಾಣಲಿಲ್ಲ. ಗುಣವತಿ ಹುಡುಕಿಕೊಂಡು ಹೋದಳು. ಚರ್ಚಿನ ಹಿಂದೆ, ನೀರು ಬಾರದ ನಲ್ಲಿಯ ಪಕ್ಕ, ಲಾರಿ ನೀರಿನ ನೀಲಿ ಡ್ರಮ್ಮಿನ ಮುಂದೆ ಅವಳು ಕುಕ್ಕರುಗಾಲಲ್ಲಿ ಕೂತು ಲೋಟ ತೊಳೆಯುತ್ತಿದ್ದಳು. ಯಾರೂ ತೊಳೆಯೆಂದು ಹೇಳಿರಲಿಲ್ಲ. ಬೇಡವೆಂದೂ ಹೇಳಿರಲಿಲ್ಲ. ಆಳಲ್ಲ, ತಂಗಿ ಎಂದು ಇಡೀ ಸಭೆ ಹಾಡಿ ಇನ್ನೂ ಟೀ ಆರಿರಲಿಲ್ಲ.

ಗುಣವತಿ ಎದುರಿಗೆ ಕೂತು ಗಂಟು ಬಿಚ್ಚಿ ತೋರಿಸಿದಳು. "ನಿನ್ನೆ ಸಿಕ್ಕಿತು. ನನ್ನ ಬಿಳಿ ಸೀರೆಯಲ್ಲೇ ಇತ್ತು."

ಭೀಮಾಬಾಯಿ ಲೋಟ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಚಂದ ಅವ" ಎಂದಳು. "ಇಷ್ಟ್ ಸಣ್ಣವ ಅಂದ್ಕೊಂಡಿರ್ಲಿಲ್ಲ. ನಾ ಒಳಗ ದೊಡ್ಡವ ಅಂತ ಹೇಳಿಬಿಟ್ಟೆ."

"ಭೀಮಾಬಾಯಿ..."

"ನಾ ತಗೊಂಡಿಲ್ಲ ಅಂಬೋದು ನಂಗ ಹೋದ ವರ್ಷನೇ ಗೊತ್ತದ ಅಕ್ಕೋರ. ನಂಗ್ಯಾಕ ತೋರಿಸ್ಲತೀರಿ?" ಒದ್ದೆ ಕೈಯಿಂದ ಬೇವಿನ ಮರದ ಕಡೆ ತೋರಿಸಿದಳು. "ಅಲ್ಲಿ ತೋರಿಸ್ರಿ."

ಗುಣವತಿ ಎದ್ದಳು. ಚರ್ಚಿನ ಗೋಡೆಯ ಮೂಲೆ ತಿರುಗಿದರೆ ಬೇವಿನ ಮರ. ನಡುವೆ ಯಾವ ಮುಳ್ಳೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಅಯ್ಯನವರು ಅವಳನ್ನು ನೋಡಿ, "ಬನ್ನಿ ಬನ್ನಿ, ನಮ್ಮ ಫಿಲೆಮೋನನ ಹೆಂಡ್ತಿ!" ಎಂದರು. ಸುತ್ತಲಿದ್ದವರು ನಕ್ಕು ದಾರಿ ಬಿಟ್ಟರು.

ಅವಳು ಅಂಗೈ ಚಾಚಿದಳು. "ಇದು ಆ ಓಲೆ. ಯಾರೂ ಕದಿಯಲಿಲ್ಲ. ನಾನೇ ಸೆರಗಿಗೆ ಕಟ್ಟಿ ಮರೆತದ್ದು. ನಿನ್ನೆ ಸಿಕ್ಕಿತು. ನಿನ್ನೆಯಿಂದ ನನಗೆ ಗೊತ್ತಿತ್ತು. ಇವತ್ತು ಅಲ್ಲಿ ಮುಂದೆ ನಿಂತಾಗಲೂ ಗೊತ್ತಿತ್ತು."

ಈ ಸಲ ಯಾರೂ ತಪ್ಪು ತಿಳಿಯಲಿಲ್ಲ. ಕೆಂಪು ಕಲ್ಲುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ದೇವಕುಮಾರನ ಕೈಯಲ್ಲಿದ್ದ ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು. "ನನಗೂ ಗೊತ್ತಿತ್ತು" ಎಂದ ಅವನು, ಲೋಟದೊಳಗೆ ನೋಡುತ್ತ, ಬಹಳ ಮೆಲ್ಲಗೆ.

"ಮತ್ತೆ ಅವಳು ಯಾಕೆ ಒಪ್ಕೊಂಡ್ಳು?" ಎಂದರು ಬದರಿನಾಥರು. "ಪೊರಕೆ ಗಿರಕೆ ಎಲ್ಲಾ ಹೇಳಿದ್ಳಲ್ಲ!"

"ನೀವೆಲ್ಲ ಕ್ಷಮಾ ಮಾಡ್ಲಾಕ ಅಷ್ಟ ಆಸಿ ಪಟ್ಟಿದ್ರಲ್ರಿ ಯಪ್ಪಾ" ಎಂದಿತು ಹಿಂದಿನಿಂದ ಒಂದು ದನಿ. ಭೀಮಾಬಾಯಿ ಮೂಲೆಯಲ್ಲಿ ನಿಂತು ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು. "ಇಲ್ಲ ಅನ್ಲಾಕ ನಂಗೇ ಪಾಪ ಅನಿಸ್ತು."

ಯಾರೋ ನಗಲು ಹೋಗಿ ಕೆಮ್ಮಿದರು.

ಅವಳು ಅಯ್ಯನವರ ಎದುರಿಗೆ ಬಂದಳು. ಈಗ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. "ಅಯ್ಯನವರ, ಕದ್ದಿಲ್ಲ. ಆದ್ರ ದೇವರ ಮನ್ಯಾಗ ನಿಂತು ಸುಳ್ಳು ಹೇಳೀನಿ. ಅದು ಖರೇ ತಪ್ಪು. ಇದಕ್ಕ ಯಾರ್ ಕ್ಷಮಾ ಮಾಡ್ತೀರಿ?"

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಇವತ್ತು ಮಧ್ಯಾಹ್ನ ಕ್ಷಮಿಸಿದವರೆಲ್ಲ ಅಲ್ಲಿಯೇ ಇದ್ದರು. ಒಬ್ಬರೂ ಮುಂದೆ ಬರಲಿಲ್ಲ. ಕ್ಷಮಿಸುತ್ತೇನೆ ಎಂಬ ಮಾತನ್ನು ಇನ್ನು ಈ ಜನ್ಮದಲ್ಲಿ ತನ್ನ ನಾಲಿಗೆಯ ಮೇಲೆ ಇಟ್ಟುಕೊಳ್ಳಲಾರೆ ಎನ್ನಿಸಿತು ಗುಣವತಿಗೆ.

"ಸಲೋಮಿ ಈಸ್ಟರಿಗಿ ಬರ್ತಾಳ" ಎಂದಳು ಭೀಮಾಬಾಯಿ. "ಫ್ರಾಕ್ ಹೊಲಿಸೀನಿ. ಬ್ಯಾಡ ಅಂಬೋರು ಇದ್ರ ಈಗೇ ಅನ್ರಿ."

"ಬರ್ಲಿ" ಎಂದರು ಅಯ್ಯನವರು. ಅವರು ಮೂಗು ಒರೆಸಿಕೊಳ್ಳಲು ತೋಳು ಎತ್ತಿದವರು ಹಾಗೇ ಮುಖದ ಮೇಲೇ ಇಟ್ಟುಕೊಂಡಿದ್ದರು. "ಬರ್ಲಮ್ಮ."

"ಪೋಲಾಮ್ಮಾ" ಎಂದಳು ಸಲೋಮಿ, ಹೋಗೋಣ ಎಂದು, ಆಗಲೇ ಗೇಟಿನ ಹತ್ತಿರದಿಂದ. ತಾಯಿ ಮಗಳು ಬಸ್ ಸ್ಟಾಪಿನ ಕಡೆ ನಡೆದರು. ಹಿಂದಿರುಗಿ ನೋಡಲಿಲ್ಲ.

ಸಂಜೆಯ ಆರಾಧನೆಗೆ ತಮಿಳು ಗಾಯನ ಮಂಡಳಿಯವರು ಬರತೊಡಗಿದ್ದರು. ಜಾಗ ಬಿಡಬೇಕಿತ್ತು. ಎಲ್ಲರೂ ತಮ್ಮ ತಮ್ಮ ಲೋಟ ಹಿಡಿದು ಚರ್ಚಿನ ಹಿಂದೆ ಹೋದರು. ಅಲ್ಲಿ ಅರ್ಧ ತೊಳೆದ ಲೋಟಗಳು, ನೀಲಿ ಡ್ರಮ್ಮು, ತಳದಲ್ಲಿ ಅಷ್ಟಿಷ್ಟು ನೀರು. ಲೋಟವನ್ನು ಕೆಳಗಿಡಲು ಯಾರಿಗೂ ಆಗಲಿಲ್ಲ, ತೊಳೆಯಲೂ ಯಾರೂ ಕೂರಲಿಲ್ಲ. ಬಿಸಿಲಿನಲ್ಲಿ ಖಾಲಿ ಲೋಟ ಹಿಡಿದುಕೊಂಡು, ಒಬ್ಬರನ್ನೊಬ್ಬರು ನೋಡದೆ, ಒಂದು ಸಭೆಗೆ ಸಭೆಯೇ ನಿಂತಿತ್ತು.

ಗುಣವತಿ ಸೀರೆ ಎತ್ತಿ ಕಟ್ಟಿ ಡ್ರಮ್ಮಿನ ಮುಂದೆ ಕೂತಳು. ಹಿಂದೆ ಯಾರೋ ಮೆಚ್ಚುಗೆಯಿಂದ "ನೋಡಿ..." ಎಂದು ಶುರು ಮಾಡಿದರು.

"ದಯವಿಟ್ಟು ಏನೂ ಹೇಳಬೇಡಿ" ಎಂದಳು ಅವಳು, ತಿರುಗದೆಯೇ. ಮೊದಲ ಲೋಟವನ್ನು ನೀರಿನಲ್ಲಿ ಅದ್ದಿದಳು.